ಅಂಗೈಯಲ್ಲಿ ಲಿಂಗವಿರುವಾಗ ಮೈಲಿಗೆ ಎಲ್ಲಿಯದು?

(ಕೋಣನಕುಂಟೆಯ ಮಾಸಿಕ ಶರಣಗೋಷ್ಠಿಯಲ್ಲಿ ಆಡಿದ ಮಾತು)



ಜನನ, ಜಾತಿ, ರಜಸ್ಸು, ಎಂಜಲು, ಪ್ರೇತ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲ ಎಂದು ನಮ್ಮ ಮಕ್ಕಳೂ ಹೇಳುತ್ತಾರೆ. ಉಳಿದ ನಾಲ್ಕರ ಬಗ್ಗೆ ವೇದಿಕೆಯ ಮೇಲೆ ಬೇಕಾದಷ್ಟು ಮಾತಾಡುತ್ತೇವೆ. ರಜಸ್ಸೂತಕ ಬಂದಾಗ ಮಾತ್ರ ಗಂಡಸರು ಒಮ್ಮೆ ಕೆಮ್ಮಿ ಮುಂದಕ್ಕೆ ಹೋಗುತ್ತೇವೆ. ಇವತ್ತು ಅದೇ ನನ್ನ ವಿಷಯ. ನಾನು ವಿದ್ವಾಂಸನಲ್ಲ, 34 ವರ್ಷ ಸರ್ಕಾರಿ ಇಂಜಿನಿಯರ್ ಆಗಿ ರಸ್ತೆ, ಕಟ್ಟಡ ನೋಡಿಕೊಂಡವನು.

ಎರಡು ತಿಂಗಳ ಹಿಂದೆ ನಮ್ಮ ಮಗಳ ಮಗಳು ದೊಡ್ಡವಳಾದಳು. 12 ವರ್ಷ. ಹೋದ ವರ್ಷವಷ್ಟೇ ಲಿಂಗದೀಕ್ಷೆ ಆಗಿತ್ತು. ಸುದ್ದಿ ತಿಳಿದು ಊರಿನಿಂದ ಹಿರಿಯರೊಬ್ಬರು ಫೋನ್ ಮಾಡಿ, "ಐದು ದಿನ ಒಂದು ಕಡೆ ಕೂರಿಸಿ, ಲಿಂಗ ಮುಟ್ಟಿಸಬೇಡಿ" ಅಂದರು. ಹುಡುಗಿ ಕೇಳಿಸಿಕೊಂಡು ನನ್ನ ಹತ್ತಿರ ಬಂದಳು. "ತಾತ, ಮೈಮೇಲಿಂದ ಯಾವತ್ತೂ ತೆಗೀಬಾರದು ಅಂತ ಸ್ವಾಮೀಜಿ ಹೇಳಿದ್ರಲ್ಲ?"

ಲೆಕ್ಕ ಅಷ್ಟೇ. ಇಷ್ಟಲಿಂಗ ಅಂಗದಿಂದ ಅಗಲಬಾರದು. ತಿಂಗಳಿಗೆ ನಾಲ್ಕೈದು ದಿನ ಆ ಅಂಗವೇ ಮೈಲಿಗೆ ಎಂದರೆ ನಿಯಮ ನಿಲ್ಲುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ಶರಣರು ಮೈಲಿಗೆಯನ್ನು ಬಿಟ್ಟರು. ದೇವರು ಗುಡಿಯಲ್ಲಿದ್ದರೆ ಹೆಣ್ಣನ್ನು ಹೊಸಿಲಾಚೆ ನಿಲ್ಲಿಸಬಹುದು. ಅಂಗೈಯಲ್ಲೇ ಇದ್ದರೆ ಎಲ್ಲಿ ನಿಲ್ಲಿಸುತ್ತೀರಿ? 12ನೇ ಶತಮಾನದಲ್ಲಿ ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಸೇರಿ 30ಕ್ಕೂ ಹೆಚ್ಚು ಹೆಣ್ಣುಮಕ್ಕಳು ವಚನ ಹೇಳಿದ್ದು ಈ ನೆಲೆಯ ಮೇಲೆ ನಿಂತು. ಅವತ್ತು ಸಂಜೆ ನಮ್ಮ ಹುಡುಗಿ ಎಂದಿನಂತೆ ಪೂಜೆಗೆ ಕುಳಿತಳು.

ಇನ್ನು ಆರತಿ. ಕನಕಪುರ ರಸ್ತೆಯಲ್ಲಿ ಛತ್ರ ಹಿಡಿದು, ಫ್ಲೆಕ್ಸ್ ಕಟ್ಟಿಸಿ ಮಾಡೋಣ ಎಂದು ನೆಂಟರ ಆಸೆ. ನಮ್ಮ ಮಗಳು ಒಪ್ಪಲಿಲ್ಲ. ನನಗೂ ಅವಳ ಮಾತೇ ಸರಿ ಅನ್ನಿಸಿತು. ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಲ್ಲಿಸಲು 1894ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಂಥ ಕಾಲದಲ್ಲಿ ಹುಡುಗಿ ಮೈನೆರೆದದ್ದನ್ನು ಊರಿಗೆಲ್ಲ ಸಾರುವುದಕ್ಕೆ ಒಂದು ಅರ್ಥವಿತ್ತು. ಏಳನೇ ತರಗತಿಯ ಮಗುವಿಗೆ ಈಗ ಆ ಸಾರುವಿಕೆ ಯಾಕೆ?

ಬದಲಿಗೆ ಒಂದು ಭಾನುವಾರ ಹತ್ತು ಹದಿನೈದು ಹೆಂಗಸರು ನಮ್ಮ ಮನೆಯಲ್ಲಿ ಸೇರಿದರು. ಅಕ್ಕನ ಬಳಗದವರು, ಪಕ್ಕದ ಮುಸ್ಲಿಂ ಮನೆಯ ಸೊಸೆ, ನಮ್ಮಲ್ಲಿ ಮನೆಗೆಲಸ ಮಾಡುವ ತಾಯಿ, ನರ್ಸ್ ಆಗಿ ನಿವೃತ್ತರಾದ ಒಬ್ಬರು. ಗಂಡಸರನ್ನು ಮೊಸರು ತರುವ ನೆಪದಲ್ಲಿ ಹೊರಗೆ ಕಳಿಸಿದರು. ಒಳಗೆ ನಡೆದದ್ದನ್ನು ನಮ್ಮ ಮನೆಯವರು, ಹೇಳಬಹುದಾದಷ್ಟನ್ನು, ಆಮೇಲೆ ಹೇಳಿದರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ತಿನ್ನಿಸಿದರಂತೆ. ಹಳಬರ ಈ ಪದ್ಧತಿ ಒಳ್ಳೆಯದೇ, ಇರಲಿ. ಮೊದಲ ಒಂದೆರಡು ವರ್ಷ ದಿನ ಏರುಪೇರಾಗುವುದು ಸಹಜ, ಶಾಲೆ ತಪ್ಪಿಸುವಷ್ಟು ನೋವಿದ್ದರೆ ಸಹಿಸಿಕೊಂಡು ಕೂರದೆ ವೈದ್ಯರಿಗೆ ತೋರಿಸಬೇಕು ಎಂದು ನರ್ಸ್ ತಾಯಿ ಬಿಡಿಸಿ ಹೇಳಿದರಂತೆ.

ಆಮೇಲೆ ಒಬ್ಬೊಬ್ಬರೂ ತಮ್ಮ ಮೊದಲ ಸಲದ್ದನ್ನು ಹೇಳಿಕೊಂಡರು. ಒಬ್ಬರು ಏನೋ ಕಾಯಿಲೆ ಬಂತೆಂದು ಎರಡು ದಿನ ಯಾರಿಗೂ ಹೇಳದೆ ಅತ್ತಿದ್ದರು. ಒಬ್ಬರಿಗೆ ಅಲ್ಲಿಗೇ ಶಾಲೆ ಮುಗಿದಿತ್ತು. ಒಬ್ಬರನ್ನು ಕೊಟ್ಟಿಗೆಯ ಪಕ್ಕ ಮಲಗಿಸಿದ್ದರು. ಹಾಗೆ ಮಲಗಿದವರು ನಮ್ಮ ಮನೆಯವರೇ. 38 ವರ್ಷ ಸಂಸಾರ ಮಾಡಿದ ಮೇಲೆ ನನಗದು ಗೊತ್ತಾಯಿತು. ಹುಡುಗಿ ಅಜ್ಜಿಯ ಕೈ ಹಿಡಿದುಕೊಂಡೇ ಕೂತಿದ್ದಳಂತೆ.

ಇದೆಲ್ಲ ಹಳೆಯ ಕಾಲದ್ದು ಎನ್ನಬೇಡಿ. 2023ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಊರಾಚೆ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಅವರನ್ನು ಬೊಟ್ಟು ಮಾಡಿ ತೋರಿಸುವ ಮೊದಲು, ನಮ್ಮ ಮನೆಗಳ ಮೂಲೆಯಲ್ಲಿ ಆ ಐದು ದಿನದ ಚಾಪೆ ಇನ್ನೂ ಇದೆಯಲ್ಲ, ಅದನ್ನು ಮೊದಲು ಎತ್ತೋಣ.

ಕಡೆಯದಾಗಿ ನನ್ನ ವೃತ್ತಿಯ ಮಾತು. 2018ರಲ್ಲಿ ಸ್ಯಾನಿಟರಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆಗೆದರು, ಸಂತೋಷ. ಅದನ್ನು ಬದಲಿಸಲು ಶಾಲೆಯಲ್ಲಿ ಜಾಗ ಬೇಕಲ್ಲ? ನಕ್ಷೆಯಲ್ಲಿ ಶೌಚಾಲಯ ಎಂದರೆ ಒಂದು ಸಣ್ಣ ಚೌಕ. ಹುಡುಗಿಗೆ ಬೇಕಾದದ್ದು ಒಳಗಡೆ ಗಟ್ಟಿ ಚಿಲಕ, ನಲ್ಲಿಯಲ್ಲಿ ನೀರು, ಮುಚ್ಚಳವಿರುವ ಕಸದ ಡಬ್ಬಿ. ನಮ್ಮ ಮಠಗಳು ಎಷ್ಟೋ ಶಾಲೆ, ಹಾಸ್ಟೆಲು ನಡೆಸುತ್ತಿವೆ. ಅಕ್ಕನ ಬಳಗದ ಇಬ್ಬರು ತಾಯಂದಿರು ಜೊತೆಗೆ ಬರುವುದಾದರೆ, ಒಂದೊಂದನ್ನೂ ನೋಡಿ ಅಂದಾಜು ಪಟ್ಟಿ ಬರೆದುಕೊಡಲು ನಾನು ಸಿದ್ಧ. ಪ್ರಸಾದ ಮುಗಿದ ಮೇಲೆ ಹೆಸರು ಕೊಡಿ.