ನೋಡುಗರ ಮಾತಿಗೂ ಮ್ಯೂಸಿಯಮ್ಮಿನಲ್ಲಿ ಜಾಗ ಬೇಕು



ಮುಂಬಯಿಯ ಕನ್ನಡಿಗರಾದ ನಾವು ಬದುಕು ಕಟ್ಟಿಕೊಂಡ ಈ ಊರಿಗೆ ತನ್ನದೇ ಆದ ಒಂದು ಪುಟ್ಟ ಮ್ಯೂಸಿಯಂ ಇದೆ. ರಾಣಿಬಾಗ್‌ಗೆ ಪ್ರಾಣಿಗಳನ್ನು ನೋಡಲು ಹೋದವರು ಅದರ ಬಾಗಿಲ ಮುಂದೆಯೇ ಹಾದುಹೋಗಿರುತ್ತಾರೆ. ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟರ ಹೆಸರಿನಲ್ಲಿ 1872ರಲ್ಲಿ ತೆರೆದ ಆ ಕಟ್ಟಡಕ್ಕೆ 1975ರಲ್ಲಿ ಡಾ. ಭಾವು ದಾಜಿ ಲಾಡ್ ಅವರ ಹೆಸರಿಟ್ಟರು. ಅವರು ವೈದ್ಯರು, ಶಾಸನಗಳನ್ನು ಓದಿದ ವಿದ್ವಾಂಸರು, ಈ ಸಂಸ್ಥೆ ತಲೆಯೆತ್ತಲು ದುಡಿದವರು. ಶಿಥಿಲವಾಗಿದ್ದ ಕಟ್ಟಡ ಜೀರ್ಣೋದ್ಧಾರಗೊಂಡು 2008ರಲ್ಲಿ ಮತ್ತೆ ತೆರೆಯಿತು. ಅಂದಿನಿಂದ ಅಲ್ಲಿ ಹಳೆಯ ಸಂಗ್ರಹದ ಜೊತೆಗೆ ಹೊಸ ಪ್ರದರ್ಶನಗಳು ಬಂದುಹೋಗುತ್ತಿವೆ. ಇಂಥ ಮ್ಯೂಸಿಯಮ್ಮಿಗೆ ನೋಡುಗರ ಅನಿಸಿಕೆಯೇ ಮುಂದಿನ ಪ್ರದರ್ಶನದ ಕಚ್ಚಾ ಸಾಮಗ್ರಿ ಎಂಬುದು ನನ್ನ ವಾದ.

ಅಲ್ಲಿನ ಗಾಜಿನ ಕಪಾಟುಗಳಲ್ಲಿರುವ ಮಣ್ಣಿನ ಬೊಂಬೆಗಳನ್ನು ಹತ್ತಿರದಿಂದ ನೋಡಿ. ಒಂದೊಂದು ಸಮುದಾಯಕ್ಕೆ ಒಂದೊಂದು ಪೇಟ, ಒಂದೊಂದು ಕಸುಬಿಗೆ ಒಂದೊಂದು ಭಂಗಿ. ಕುಸುರಿ ಬೆರಗು ಹುಟ್ಟಿಸುತ್ತದೆ. ಆದರೆ ಆ ಬೊಂಬೆಗಳಿಗೆ ಜಾತಿಯಿದೆ, ಕಸುಬಿದೆ, ಹೆಸರಿಲ್ಲ. ವಸಾಹತು ಆಡಳಿತ ಇಲ್ಲಿನ ಜನರನ್ನು ವಿಂಗಡಿಸಿ ನೋಡಿದ ಬಗೆ ಅದು. ತಮ್ಮನ್ನು ಹೀಗೆ ತೋರಿಸಬಹುದೇ ಎಂದು ಆ ಜನರನ್ನು ಯಾರೂ ಕೇಳಲಿಲ್ಲ. ಕೇಳದೆ ಉಳಿದ ಆ ಪ್ರಶ್ನೆಗೆ ಬದಲಾಗುವ ಪ್ರದರ್ಶನ ಅವಕಾಶ ಕೊಡುತ್ತದೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಕಲಾವಿದ ಸುದರ್ಶನ್ ಶೆಟ್ಟಿಯವರು 2010ರಲ್ಲಿ ಈ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ನಡೆಸಿದರು. ಮರುವರ್ಷ ಕುಂದಾಪುರದ ಬಳಿಯ ಕೋಟೇಶ್ವರದ ಎಲ್.ಎನ್. ತಲ್ಲೂರರು ಬಂದರು. ಮೈಸೂರಿನಲ್ಲಿ ಚಿತ್ರಕಲೆ ಕಲಿತ ತಲ್ಲೂರರು ಬರೋಡದಲ್ಲಿ ಓದಿದ್ದು ವಸ್ತುಸಂಗ್ರಹಾಲಯ ಶಾಸ್ತ್ರವನ್ನೇ. ಅವರ ‘ಕ್ರೊಮ್ಯಾಟೊಫೋಬಿಯಾ’ ಎಂಬ ಕೃತಿಯಲ್ಲಿ ನೋಡಲು ಬಂದವರೇ ಸುತ್ತಿಗೆ ಹಿಡಿದು ಮರದ ದಿಮ್ಮಿಗೆ ನಾಣ್ಯ ಬಡಿಯುತ್ತಾರೆ. ನೋಡುಗರ ಕೈ ಬೀಳದೆ ಆ ಕೃತಿ ಪೂರ್ಣವಾಗದು. ಮ್ಯೂಸಿಯಂ ಕೂಡ ಹಾಗೆಯೇ ಬೆಳೆಯಬೇಕು.

ಇದಕ್ಕೆ ಎರಡು ಆಕ್ಷೇಪಗಳಿವೆ. ಹೊಸ ಕಲೆ ತಂದಿಟ್ಟರೆ ಹಳೆಯ ವಸ್ತು ಮರೆಯಾಗುತ್ತದೆ, ಇತಿಹಾಸದ ಜಾಗದಲ್ಲಿ ಇತಿಹಾಸವೇ ಇರಲಿ ಎನ್ನುವುದು ಮೊದಲನೆಯದು. ಈ ಅಳುಕಿನಲ್ಲಿ ಹುರುಳಿದೆ. ಹಳೆಯದನ್ನು ಬದಿಗೆ ಸರಿಸುವ ಪ್ರದರ್ಶನ ಸೋತ ಪ್ರದರ್ಶನವೇ ಸರಿ. ಆದರೆ ಎಂದೂ ಬದಲಾಗದ ಮ್ಯೂಸಿಯಮ್ಮನ್ನು ಜನ ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿ ಮರೆಯುತ್ತಾರೆ. ಹೊಸ ಪ್ರದರ್ಶನಕ್ಕೆಂದು ಎರಡನೆಯ ಸಲ ಬಂದವರು ಹಳೆಯ ಬೊಂಬೆಗಳ ಮುಂದೆಯೂ ಇನ್ನೊಮ್ಮೆ ನಿಲ್ಲುತ್ತಾರೆ. ಪ್ರಾಣಿ ನೋಡಲು ಬಂದು ಇಣುಕಿ ಹೋಗುವವರ ಅನಿಸಿಕೆಗೆ ಎಷ್ಟು ಬೆಲೆ, ಇತಿಹಾಸವನ್ನು ತಜ್ಞರಿಗೆ ಬಿಡೋಣ ಎನ್ನುವುದು ಎರಡನೆಯದು. ಕಾಲನಿರ್ಣಯ, ಸಂರಕ್ಷಣೆ ತಜ್ಞರ ಕೆಲಸ, ಒಪ್ಪುತ್ತೇನೆ. ಆದರೆ ನೇಕಾರನ ಬೊಂಬೆಯ ಕೈ ಮಗ್ಗದ ಮೇಲೆ ಸರಿಯಾದ ಕಡೆ ಇದೆಯೇ ಎಂದು ಹೇಳಬಲ್ಲವರು ಮಗ್ಗದಲ್ಲಿ ಕೂತವರು. ರಜಾದಿನದ ಆ ಗುಂಪಿನಲ್ಲಿ ಅಂಥವರೂ ಇರುತ್ತಾರೆ. ಅವರ ಮಾತನ್ನು ಬರೆದುಕೊಳ್ಳದಿದ್ದರೆ ನಷ್ಟ ಮ್ಯೂಸಿಯಮ್ಮಿನದು.

ನಮಗೂ ಇದರಲ್ಲಿ ಹೊಣೆಯಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಕನ್ನಡಿಗರು, 1926ರಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಿದ ಹಿರಿಯರು, ಇವರೆಲ್ಲ ಮುಂಬಯಿಯ ಇತಿಹಾಸದ ಭಾಗ. ಸಂದರ್ಶಕರ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಸಹಿ ಹಾಕಿ ಬಂದರೆ ಈ ಇತಿಹಾಸ ಯಾರಿಗೂ ತಿಳಿಯದು. ನಮ್ಮ ಕನ್ನಡ ಸಂಘದ ಸದಸ್ಯರು ಮಕ್ಕಳೊಂದಿಗೆ ಹೋಗಿ, ಏನು ಕಂಡಿತು, ಏನು ಕಾಣಲಿಲ್ಲ ಎಂಬುದನ್ನು ವಿವರವಾಗಿ, ಕನ್ನಡದಲ್ಲೇ ಬರೆಯಲಿ. ಮನೆಯಲ್ಲಿರುವ ರಾತ್ರಿ ಶಾಲೆಯ ಪ್ರಮಾಣಪತ್ರ, ಹೋಟೆಲಿನ ಹಳೆಯ ದರಪಟ್ಟಿ, ಯಕ್ಷಗಾನದ ಕರಪತ್ರಗಳನ್ನು ಹೆಸರು, ಇಸವಿಯೊಂದಿಗೆ ಪಟ್ಟಿ ಮಾಡೋಣ. ಆ ಪಟ್ಟಿ ಕೈಯಲ್ಲಿದ್ದರೆ ನಮ್ಮ ಕಥೆಗೂ ಒಂದು ಪ್ರದರ್ಶನ ಬೇಕೆಂದು ಹಕ್ಕಿನಿಂದ ಕೇಳಬಹುದು. ಈ ಕೆಲಸವನ್ನು ಸಂಘ ಬರುವ ವರ್ಷದ ಕಾರ್ಯಕ್ರಮಗಳಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.