ಚಾವಡಿಯ ಗೋಡೆಯ ಯೇಸು

ದೀಪ ಹಚ್ಚಿದ್ದಾಯಿತು, ಶಾಲು ಹೊದಿಸಿದ್ದಾಯಿತು. ಹಳೆಯ ಕ್ಯಾಲೆಂಡರ್‌ಗಳನ್ನೂ ಮುದ್ರಿತ ದೇವರ ಪಟಗಳನ್ನೂ ಅಟ್ಟದಿಂದ, ಗುಜರಿ ಅಂಗಡಿಯಿಂದ ಹೆಕ್ಕಿ ತಂದು, ಗೆದ್ದಲು ಕೊಡವಿ, ಕಟ್ಟು ಹಾಕಿಸಿ ಈ ಪ್ರದರ್ಶನದಲ್ಲಿ ತೂಗುಹಾಕಿರುವ ಗೆಳೆಯರಿಗೆ ನನ್ನ ವಂದನೆ. ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿಯರ ಬಗ್ಗೆ, ಕಲಬುರಗಿಯ ಚಿತ್ರಕಾರ ಎಸ್.ಎಂ. ಪಂಡಿತರ ಬಗ್ಗೆ ಹೇಳಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಆ ಕಡೆಗೆ ನಾನು ಹೋಗುವುದಿಲ್ಲ. ಒಳಗೆ ಎಡಗಡೆಯ ಗೋಡೆಗೆ ಕ್ರೈಸ್ತ ಚಿತ್ರಗಳ ಒಂದು ಸಾಲು ಹಾಕಿದ್ದಾರೆ. ಅದರಲ್ಲಿ ಒಂದು ಚಿತ್ರ ನನ್ನ ತಾಯಿಯ ಮನೆಯ ಚಾವಡಿಯಲ್ಲಿತ್ತು. ಡ್ರಾಯಿಂಗ್ ಟೀಚರಾಗಿ ಇಷ್ಟು ವರ್ಷ ಮಕ್ಕಳ ಕೈ ಹಿಡಿದು ಗೆರೆ ಎಳೆಸಿದ ನನಗೆ ಹೇಳಬೇಕಾದದ್ದು ಇರುವುದು ಆ ಒಂದು ಚಿತ್ರದ ಬಗ್ಗೆ.

ನೀವೂ ಅದನ್ನು ಕಂಡಿರುತ್ತೀರಿ. ಭುಜಕ್ಕೆ ಇಳಿದ ತಿಳಿಗಂದು ಕೂದಲು, ನೀಟಾದ ಗಡ್ಡ, ಹಣೆಯ ಮೇಲೆ ಬೆಳಕು, ಮೇಲಕ್ಕೆ ಎಲ್ಲೋ ನೋಡುವ ಕಣ್ಣು. ಕ್ರೈಸ್ತರಲ್ಲದವರಿಗೂ ಯೇಸು ಎಂದೊಡನೆ ಕಣ್ಣ ಮುಂದೆ ಬರುವುದು ಈ ಮುಖವೇ. ಚರ್ಮ ಮಾತ್ರ ಯೂರೋಪಿನದು. ಇದನ್ನು ಬರೆದವರು ಅಮೆರಿಕದ ಶಿಕಾಗೋದ ವಾರ್ನರ್ ಸಾಲ್ಮನ್ ಎಂಬ ಕಲಾವಿದ, ಸ್ಕ್ಯಾಂಡಿನೇವಿಯಾದಿಂದ ವಲಸೆ ಬಂದವರ ಮಗ, ಜಾಹೀರಾತು ಚಿತ್ರ ಬರೆದು ಜೀವನ ಮಾಡುತ್ತಿದ್ದವರು. 1924ರಲ್ಲಿ ತಮ್ಮ ಕ್ರೈಸ್ತ ಸಭೆಯ ಪತ್ರಿಕೆಗೆಂದು ಇದ್ದಿಲಿನಲ್ಲಿ ಈ ಮುಖವನ್ನು ಬರೆದರು. 1940ರಲ್ಲಿ ಅದನ್ನೇ ತೈಲವರ್ಣದಲ್ಲಿ ಮಾಡಿದರು. ಎರಡನೆಯ ಮಹಾಯುದ್ಧ ಬಂತು. ಅಂಗಿಯ ಜೇಬಿಗೆ ಹಿಡಿಯುವ ಅಳತೆಯಲ್ಲಿ ಅಚ್ಚು ಹಾಕಿ ಸೈನಿಕರಿಗೆ ಹಂಚಿದರು. ಆಮೇಲೆ ಕ್ಯಾಲೆಂಡರು, ಗಡಿಯಾರ, ಮೇಜುದೀಪ, ಎಲ್ಲದರ ಮೇಲೂ ಬಂತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಚ್ಚಾದ ಪ್ರತಿಗಳು 50 ಕೋಟಿ ದಾಟಿದ್ದವು ಎಂದು ಲೆಕ್ಕ ಹಾಕಿದ್ದಾರೆ.

ಸಾಲ್ಮನ್ ಕೆಟ್ಟ ಮನುಷ್ಯರಲ್ಲ. ತನಗೆ ಗೊತ್ತಿದ್ದ ಮುಖಗಳಿಂದ ತನ್ನ ದೇವರ ಮುಖವನ್ನು ಕಟ್ಟಿಕೊಂಡರು. ಎಲ್ಲ ಕಾಲದಲ್ಲೂ ಭಕ್ತರು ಮಾಡಿದ್ದು ಅದನ್ನೇ. ಇದೇ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ ಮತ್ತು ಮಾಡನ್ನೆಲ್ಲ ತುಂಬಿದ ಇಟಲಿಯ ಆಂತೋನಿಯೊ ಮೊಸ್ಕೇನಿ ಕೂಡ ಇಟಲಿಯ ಮುಖಗಳನ್ನೇ ಬರೆದರು. ಅವುಗಳ ಕೆಳಗೆ ಕುತ್ತಿಗೆ ನೋಯುವವರೆಗೆ ನಿಂತು ನಾನು ಬಟ್ಟೆಯ ಮಡಿಕೆ ಬರೆಯಲು ಕಲಿತೆ. ಆದರೆ ಒಂದು ಗೋಡೆಯ ಚಿತ್ರಕ್ಕೂ ಕೋಟಿಗಟ್ಟಲೆ ಅಚ್ಚಾದ ಚಿತ್ರಕ್ಕೂ ವ್ಯತ್ಯಾಸವಿದೆ. ಗೋಡೆಯ ಮೇಲಿನದನ್ನು ನೋಡಿದವರು ಇದನ್ನು ಯಾರೋ ಬರೆದದ್ದು ಎನ್ನುತ್ತಾರೆ. ಊರೂರಿನ ಮನೆಮನೆಯಲ್ಲೂ ಅದೇ ಮುಖ ನೇತಾಡಿದರೆ, ಅದನ್ನು ಯಾರೋ ಬರೆದರು ಎಂಬುದೇ ಮರೆತುಹೋಗುತ್ತದೆ. ಸುವಾರ್ತೆಗಳಲ್ಲಿ ಯೇಸುವಿನ ಎತ್ತರದ ಬಗ್ಗೆಯಾಗಲಿ ಬಣ್ಣದ ಬಗ್ಗೆಯಾಗಲಿ ಒಂದು ಮಾತೂ ಇಲ್ಲ. ಪಶ್ಚಿಮ ಏಷ್ಯಾದ ಬಿಸಿಲಲ್ಲಿ ನಡೆದಾಡಿದ ಒಬ್ಬ ಯೆಹೂದಿ ಬಡಗಿ ಅವರು. ಗ್ರಂಥ ಹೇಳದೆ ಬಿಟ್ಟದ್ದನ್ನು ಅಚ್ಚುಕೂಟ ತುಂಬಿಕೊಟ್ಟಿತು.

ಇದರ ಭಾರ ಯಾರ ಮೇಲೆ ಬಿತ್ತು ಎಂದು ತಿಳಿಯಬೇಕಾದರೆ ಅಮೆರಿಕದ ಕಪ್ಪು ಜನರನ್ನು ಕೇಳಬೇಕು. ಅವರ ಅಜ್ಜಂದಿರನ್ನು ಸರಪಳಿ ಹಾಕಿ ದುಡಿಸಿದವರು ಬಿಳಿಯರು. ಅವರಿಗೆ ಬೈಬಲ್ ಓದಿ ಹೇಳಿದವರೂ ಬಿಳಿಯರು. ಕೊನೆಗೆ ಗೋಡೆಯ ಮೇಲಿನ ರಕ್ಷಕನೂ ಬಿಳಿಯ. 1898ರಷ್ಟು ಹಿಂದೆಯೇ ಹೆನ್ರಿ ಮೆಕ್‌ನೀಲ್ ಟರ್ನರ್ ಎಂಬ ಕಪ್ಪು ಬಿಷಪ್ಪರು, ಪ್ರತಿಯೊಂದು ಜನಾಂಗವೂ ತನ್ನ ದೇವರನ್ನು ತನ್ನಂತೆ ಕಲ್ಪಿಸಿಕೊಂಡಿರುವಾಗ ನಾವು ಮಾತ್ರ ಯಾಕೆ ಹಿಂಜರಿಯಬೇಕು, ದೇವರು ಕಪ್ಪು ಎಂದೇ ನಾವು ಹೇಳುತ್ತೇವೆ ಎಂದು ಬರೆದರು. ಆ ಧೈರ್ಯ ಚಿತ್ರಗಳಲ್ಲಿ ಎಲ್ಲರ ಕಣ್ಣಿಗೆ ಬೀಳಲು ಇನ್ನೂ ಎಷ್ಟೋ ಕಾಲ ಹಿಡಿಯಿತು.

1963ರ ಸೆಪ್ಟೆಂಬರ್ 15, ಭಾನುವಾರ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚು ಕಪ್ಪು ಜನರದು, ನಾಗರಿಕ ಹಕ್ಕು ಚಳವಳಿಯವರು ಸೇರುತ್ತಿದ್ದ ಜಾಗ. ಆ ಬೆಳಿಗ್ಗೆ ಭಾನುವಾರ ಶಾಲೆಯ ಪಾಠ ಕ್ಷಮಿಸುವ ಪ್ರೀತಿಯ ಬಗ್ಗೆ ಇತ್ತು. ಬಿಳಿಯರ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನಿನವರು ಇಟ್ಟಿದ್ದ ಬಾಂಬು ಸಿಡಿದು, ನೆಲಮಾಳಿಗೆಯ ಕೋಣೆಯಲ್ಲಿ ಆರಾಧನೆಗೆ ಸಿದ್ಧರಾಗುತ್ತಿದ್ದ ನಾಲ್ಕು ಹೆಣ್ಣುಮಕ್ಕಳು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕರೋಲ್ ರಾಬರ್ಟ್‌ಸನ್, ಈ ಮೂವರಿಗೆ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಚರ್ಚಿನ ಒಂದು ಬಣ್ಣದ ಗಾಜಿನ ಕಿಟಕಿಯಲ್ಲಿ ಬಿಳಿಯ ಯೇಸುವಿನ ಚಿತ್ರವಿತ್ತು. ಕಿಟಕಿಯ ಬಹುಭಾಗ ಹಾಗೆಯೇ ಉಳಿಯಿತು. ಯೇಸುವಿನ ಮುಖದ ಗಾಜು ಮಾತ್ರ ಸಿಡಿದುಹೋಗಿತ್ತು. ಮುಖವಿದ್ದಲ್ಲಿ ಒಂದು ತೂತು. ಆ ಫೋಟೋ ಪತ್ರಿಕೆಗಳಲ್ಲಿ ಬಂತು.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಜಾನ್ ಪೆಟ್ಸ್ ಎಂಬ ಗಾಜಿನ ಚಿತ್ರಕಾರರಿದ್ದರು. ಸುದ್ದಿ ತಿಳಿದು ಅವರಿಗೆ ಸುಮ್ಮನಿರಲಾಗಲಿಲ್ಲ. ಅಲ್ಲಿನ ವೆಸ್ಟರ್ನ್ ಮೇಲ್ ಪತ್ರಿಕೆಯ ಸಂಪಾದಕರಿಗೆ ಫೋನು ಮಾಡಿ, ಆ ಚರ್ಚಿಗೆ ಹೊಸ ಕಿಟಕಿ ಮಾಡಿಕೊಡುತ್ತೇನೆ ಎಂದರು. ಸಂಪಾದಕರು ಚಂದಾ ಎತ್ತಲು ಹೊರಟರು. ಒಂದೇ ಷರತ್ತು: ಯಾರೂ ಅರ್ಧ ಕ್ರೌನ್ ಎಂಬ ಸಣ್ಣ ನಾಣ್ಯಕ್ಕಿಂತ ಹೆಚ್ಚು ಕೊಡಕೂಡದು. ಯಾರೋ ಒಬ್ಬ ಶ್ರೀಮಂತ ಇಡೀ ಕಿಟಕಿಯ ಖರ್ಚು ಕೊಟ್ಟುಬಿಡುವುದು ಅವರಿಗೆ ಬೇಡವಾಗಿತ್ತು, ವೇಲ್ಸಿನ ಜನರೆಲ್ಲ ಸೇರಿ ಕೊಟ್ಟದ್ದಾಗಬೇಕಿತ್ತು. ಮಕ್ಕಳೂ ಚಿಲ್ಲರೆ ತಂದುಕೊಟ್ಟರು. 1965ರಲ್ಲಿ ಕಿಟಕಿ ಬರ್ಮಿಂಗ್‌ಹ್ಯಾಮ್ ಸೇರಿತು. ಅದರಲ್ಲಿರುವ ಯೇಸು ಕಪ್ಪು ಮನುಷ್ಯ. ತಲೆ ಬಾಗಿದೆ, ಕೈ ಎರಡೂ ಅಗಲಕ್ಕೆ ಚಾಚಿವೆ. ಒಂದು ಕೈ ಅನ್ಯಾಯವನ್ನು ತಳ್ಳುತ್ತಿದೆ, ಇನ್ನೊಂದು ಕ್ಷಮೆ ನೀಡುತ್ತಿದೆ. ಕೆಳಗೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಿಂದ ತೆಗೆದ ಮಾತು ಇದೆ. ನಾನು ಇದರ ಅಚ್ಚನ್ನು ಮಾತ್ರ ನೋಡಿದ್ದೇನೆ. ಆ ಗಾಜಿನ ನೀಲಿಯ ನಡುವೆ ಆ ಕಪ್ಪು ದೇಹವನ್ನು ಕಂಡ ದಿನ, ಚಿತ್ರಕಲೆ ಕಲಿತದ್ದು ಸಾರ್ಥಕ ಅನ್ನಿಸಿತು. ಅದನ್ನು ಮಾಡಿದವನು ಒಬ್ಬ ಬಿಳಿಯ ಎಂಬುದನ್ನೂ ನಾನು ಮರೆಯುವುದಿಲ್ಲ.

1967ರಲ್ಲಿ ಡೆಟ್ರಾಯಿಟಿನಲ್ಲಿ ಪಾದ್ರಿ ಆಲ್ಬರ್ಟ್ ಕ್ಲೀಗ್ ಈಸ್ಟರ್ ಹಬ್ಬದಂದು ತಮ್ಮ ಚರ್ಚಿನಲ್ಲಿ 18 ಅಡಿ ಎತ್ತರದ ಕಪ್ಪು ಮಾತೆ ಮರಿಯಳ ಚಿತ್ರವನ್ನು ಅನಾವರಣ ಮಾಡಿದರು. ಅದೇ ವರ್ಷದ ಜುಲೈಯಲ್ಲಿ ಆ ಊರಿಗೆ ಬೆಂಕಿ ಬಿತ್ತು. ಗಲಭೆಯ ನಡುವೆ ಯಾರೋ ಅಲ್ಲಿನ ಕ್ಯಾಥೊಲಿಕ್ ಸೆಮಿನರಿಯ ಆವರಣಕ್ಕೆ ಬಂದು, ಯೇಸುವಿನ ಕಲ್ಲಿನ ಪ್ರತಿಮೆಯ ಮುಖ, ಕೈ, ಪಾದಗಳಿಗೆ ಕಪ್ಪು ಬಣ್ಣ ಬಳಿದು ಹೋದರು. ಇನ್ಯಾರೋ ಬಂದು ಮತ್ತೆ ಬಿಳಿ ಬಳಿದರು. ಆಗ ಸೆಮಿನರಿಯವರೇ ಕಪ್ಪು ಬಣ್ಣ ತರಿಸಿ ಬಳಿಸಿದರು. ಆ ಕಪ್ಪನ್ನು ಇವತ್ತಿಗೂ ಉಳಿಸಿಕೊಂಡು ಬಂದಿದ್ದಾರೆ.

ಸಿನಿಮಾದವರು ಇಷ್ಟು ದೂರ ಬರಲಿಲ್ಲ. 1965ರ ದೊಡ್ಡ ಖರ್ಚಿನ ಚಿತ್ರ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ನಲ್ಲಿ ಯೇಸು ಸ್ವೀಡನ್ನಿನ ನಟ ಮ್ಯಾಕ್ಸ್ ಫಾನ್ ಸೀಡೋ. ಕಪ್ಪು ನಟ ಸಿಡ್ನಿ ಪೊಯಿಟಿಯೆಗೆ ಸಿಕ್ಕಿದ್ದು ಕುರೇನ್ಯದ ಸೀಮೋನನ ಪಾತ್ರ, ಯೇಸುವಿನ ಶಿಲುಬೆಗೆ ಹೆಗಲು ಕೊಡುವವನದು. ಒಂದು ವರ್ಷದ ಹಿಂದಷ್ಟೇ ಅವರಿಗೆ ಶ್ರೇಷ್ಠ ನಟನ ಆಸ್ಕರ್ ಬಂದಿತ್ತು.

ಟಿ.ವಿ. ಮಾತ್ರ ಒಮ್ಮೆ ಮುಟ್ಟಬೇಕಾದ ಕಡೆ ಮುಟ್ಟಿತು. 1974ರಲ್ಲಿ ಅಮೆರಿಕದಲ್ಲಿ ‘ಗುಡ್ ಟೈಮ್ಸ್’ ಎಂಬ ಧಾರಾವಾಹಿ ಶುರುವಾಯಿತು. ಶಿಕಾಗೋದ ಬಡವರ ವಸತಿಯಲ್ಲಿರುವ ಒಂದು ಕಪ್ಪು ಕುಟುಂಬದ ಕತೆ. ಎರಡನೆಯ ಕಂತಿನಲ್ಲೇ ಚಿತ್ರ ಬರೆಯುವ ಹಿರಿಮಗ ಒಂದು ಕಪ್ಪು ಯೇಸುವನ್ನು ಬರೆಯುತ್ತಾನೆ. ಅದಕ್ಕೆ ಮಾದರಿ ಆ ಕೇರಿಯ ಒಬ್ಬ ಕುಡುಕ. ಕಿರಿಮಗ ಅದನ್ನು ಗೋಡೆಗೆ ಹಾಕುತ್ತಾನೆ. ತಾಯಿ ಫ್ಲಾರಿಡಾಗೆ ಸಂಕಟ. ತಾನು ಚಿಕ್ಕಂದಿನಿಂದ ಪ್ರಾರ್ಥಿಸಿದ್ದು ಬಿಳಿಯ ಯೇಸುವಿನ ಎದುರು, ಅದನ್ನು ತೆಗೆದರೆ ತನ್ನ ಪ್ರಾರ್ಥನೆಯೆಲ್ಲ ಎಲ್ಲಿಗೆ ಹೋಗಬೇಕು? ನೋಡಿದವರೆಲ್ಲ ಇದನ್ನು ಹಾಸ್ಯ ಧಾರಾವಾಹಿ ಎನ್ನುತ್ತಾರೆ. ನನಗೆ ಆ ತಾಯಿಯ ಸಂಕಟದಲ್ಲಿ ನನ್ನ ಅಮ್ಮ ಕಂಡರು.

ನಮ್ಮ ಚಾವಡಿಯ ಪಟ ಒಂದು ಕ್ಯಾಲೆಂಡರಿನ ಮೇಲ್ಭಾಗ. ಅಪ್ಪ ಅದನ್ನು ಕತ್ತರಿಸಿ ಗಾಜು ಹಾಕಿಸಿದ್ದರು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಅದರ ಎದುರು ಚಾಪೆ ಹಾಸಿ ನಮ್ಮನ್ನೆಲ್ಲ ಕೂರಿಸಿ ಪ್ರಾರ್ಥನೆ ಮಾಡಿಸುತ್ತಿದ್ದರು. ನಾನು ಕಲಾಶಾಲೆಯಲ್ಲಿ ಓದುವಾಗ ರಜೆಗೆ ಬಂದು ಒಂದು ಯೇಸುವನ್ನು ಬರೆದೆ. ಬಂದರಿನಲ್ಲಿ ಬುಟ್ಟಿ ಹೊರುವವರ ಮೈಬಣ್ಣ, ಸೊಂಟಕ್ಕೆ ಬೈರಾಸು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಚಿತ್ರ ಒಳ್ಳೆಯದಾಗಿದೆ ಮಗಾ. ಇವರಿಗೆ ಊಟ ಬಡಿಸಲು ನನಗೆ ಬರುತ್ತದೆ. ಇವರ ಹತ್ತಿರ ಕಷ್ಟ ಹೇಳಿಕೊಳ್ಳಲು ಬರುವುದಿಲ್ಲ’ ಅಂದರು. ಅಮ್ಮನದೂ ಅದೇ ಮೈಬಣ್ಣ, ನನ್ನದೂ ಅದೇ. ಅವರ ಮಾತಿಗೆ ನಾನು ಎದುರಾಡಲಿಲ್ಲ. ಹಳೆಯ ಪಟವನ್ನು ಗೋಡೆಯಿಂದ ಇಳಿಸಲೂ ಇಲ್ಲ. ಯಾರ ಮನೆಯಲ್ಲೂ ಇಳಿಸಬೇಕೆಂದು ನಾನು ಹೇಳುವವಳಲ್ಲ. ಎಷ್ಟೋ ಜನರ ಕಣ್ಣೀರು ಕಂಡ ಗಾಜು ಅದು.

ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1957ರಲ್ಲಿ ಒಬ್ಬರು ಇದೇ ಪ್ರಶ್ನೆ ಕೇಳಿದ್ದರು: ದೇವರು ಯೇಸುವನ್ನು ಬಿಳಿಯನನ್ನಾಗಿ ಮಾಡಿದ್ದೇಕೆ? ಯೇಸುವಿನ ಚರ್ಮದ ಬಣ್ಣಕ್ಕೆ ಮಹತ್ವವೇನೂ ಇಲ್ಲ ಎಂಬ ಅರ್ಥದ ಉತ್ತರವನ್ನು ಕಿಂಗ್ ಬರೆದರು. ನಂಬಿಕೆಯ ಮಾತಾಗಿ ಅದನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಬಣ್ಣಕ್ಕೆ ಮಹತ್ವವಿಲ್ಲವಾದರೆ ಅಚ್ಚುಕೂಟದಿಂದ ಒಂದೇ ಬಣ್ಣ ಯಾಕೆ ಹೊರಬರುತ್ತಾ ಹೋಯಿತು? ಈ ಪ್ರಶ್ನೆ ಚಿತ್ರ ಬರೆಯುವವರಿಗೆ ಸೇರಿದ್ದು, ನಾವೇ ಉತ್ತರ ಕೊಡಬೇಕು. ಒಂದೇ ಬಣ್ಣವನ್ನು ಮೇಲಿಟ್ಟರೆ ಮಕ್ಕಳ ಮನಸ್ಸಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ದಂಪತಿ ಮನಶ್ಶಾಸ್ತ್ರಜ್ಞರು ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು, ಒಳ್ಳೆಯದು ಯಾವುದು ಎಂದು ಕೇಳುತ್ತಿದ್ದರು. ಬಹಳ ಮಕ್ಕಳು ಬಿಳಿಯದನ್ನು ತೋರಿಸಿದರು. ಶಾಲೆಗಳಲ್ಲಿ ಬಣ್ಣಭೇದ ಕಾನೂನುಬಾಹಿರ ಎಂದ 1954ರ ತೀರ್ಪಿನ ಹಿಂದೆ ಆ ಮಕ್ಕಳ ಬೆರಳುಗಳೂ ಇದ್ದವು.

ಅಮೆರಿಕದ ವರ್ಣಭೇದವೂ ನಮ್ಮ ಜಾತಿ, ನಮ್ಮ ಬಿಳಿಬಣ್ಣದ ಹುಚ್ಚೂ ಒಂದೇ ಎಂದು ನಾನು ಹೇಳುವುದಿಲ್ಲ. ಬೇರೆ ಬೇರೆ ಬೇರಿನವು. ಆದರೆ ಆ ಬೆರಳು ತೋರಿಸುವುದನ್ನು ನಾನು ನನ್ನ ತರಗತಿಯಲ್ಲೇ ಕಂಡಿದ್ದೇನೆ. ಡಿಸೆಂಬರ್ ಬಂದರೆ ಕ್ರಿಸ್ಮಸ್ ನಾಟಕ. ಪಾತ್ರ ಹಂಚುವಾಗ ತರಗತಿಯಲ್ಲಿ ಯಾರು ಹೆಚ್ಚು ಬೆಳ್ಳಗಿದ್ದಾಳೋ ಅವಳು ಮರಿಯ. ಅವಳ ನಂತರ ಬೆಳ್ಳಗಿರುವವರು ದೇವದೂತರು. ಕುರುಬರ ಪಾತ್ರ ಕಪ್ಪು ಮಕ್ಕಳಿಗೆ. ಹೆರೋದನ ಸೈನಿಕರೂ ಅವರೇ. ನಾನು ದುಡಿದ ಒಂದು ಶಾಲೆಯಲ್ಲಿ ಒಬ್ಬಳು ಹುಡುಗಿ ಮರಿಯಳ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಧ್ವನಿ ಗಂಟೆಯ ಹಾಗೆ. ಮೈಬಣ್ಣ ನಮ್ಮ ಅಮ್ಮನದು. ‘ಲೈಟಿಗೆ ಕಾಣುವುದಿಲ್ಲ’ ಎಂದು ಅವಳನ್ನು ಹಿಂದಕ್ಕೆ ನಿಲ್ಲಿಸಿದರು. ನಾನು ಹೇಳಿದ್ದು ನಡೆಯಲಿಲ್ಲ. ಆ ವರ್ಷ ಅವಳು ಕುರಿ ಕಾಯುವ ಹುಡುಗನ ವೇಷದಲ್ಲಿ ತಲೆಗೆ ತೋರ್ತು ಸುತ್ತಿಕೊಂಡು ನಿಂತು, ಮರಿಯಳ ಮಾತುಗಳಿಗೆ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದುದನ್ನು ನಾನು ಪರದೆಯ ಪಕ್ಕದಿಂದ ನೋಡಿದೆ.

ನಮ್ಮಲ್ಲಿ ಬೇರೆ ದಾರಿ ಹಿಡಿದವರು ಇಲ್ಲದಿಲ್ಲ. ಗೋವೆಯ ಆಂಜೆಲೊ ಡ ಫೊನ್ಸೆಕಾ ಮರಿಯಳಿಗೆ ಸೀರೆ ಉಡಿಸಿ ಬರೆದರು, ಸ್ವಂತ ಊರಿನವರಿಂದಲೇ ಟೀಕೆ ಕೇಳಿ ಪುಣೆಯ ಆಶ್ರಮದಲ್ಲಿ ನೆಲೆ ಕಂಡುಕೊಂಡರು. ಬೆಂಗಳೂರಿನ ಹೊರಗೆ ಸಿಲ್ವೆಪುರದಲ್ಲಿ ಜ್ಯೋತಿ ಸಾಹಿ ಹತ್ತಾರು ವರ್ಷ ಈ ನೆಲದ ಮರ, ಮಣ್ಣು, ಡೋಲುಗಳ ನಡುವೆ ಯೇಸುವನ್ನು ಬರೆದರು. ತೆಲುಗಿನ ‘ಕರುಣಾಮಯುಡು’ ಚಿತ್ರದಲ್ಲಿ ವಿಜಯಚಂದರ್ ಯೇಸುವಾದರು, 1978ರ ಆ ಚಿತ್ರವನ್ನು ಹಳ್ಳಿಗಳಲ್ಲಿ ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ಆದರೂ ಎಡಗೋಡೆಯ ಆ ಸಾಲಿನಲ್ಲಿ ಇಂಥ ಒಂದು ಚಿತ್ರವೂ ಇಲ್ಲ. ಇದು ಸಂಘಟಕರ ತಪ್ಪಲ್ಲ, ಅವರು ಮನೆಗಳಲ್ಲಿ ಸಿಕ್ಕಿದ್ದನ್ನು ತಂದಿದ್ದಾರೆ. ಮನೆಗಳಲ್ಲಿ ಸಿಗುವುದಿಲ್ಲ ಎಂಬುದೇ ನನ್ನ ದುಃಖ. ಅಂಥವು ಪುಸ್ತಕಗಳಲ್ಲಿವೆ, ಆಶ್ರಮಗಳಲ್ಲಿವೆ, ಕ್ಯಾಲೆಂಡರಿಗೆ ಬರಲಿಲ್ಲ.

ಈ ಸಭೆಯಲ್ಲಿ ಮುದ್ರಣಾಲಯದವರು ಕೆಲವರಿದ್ದಾರೆ. ಬರುವ ವರ್ಷದ ಕ್ಯಾಲೆಂಡರಿಗೆ ಚಿತ್ರ ಆರಿಸುವ ಕಾಲ ಇದು. ಒಂದು ಪುಟ, ಒಂದೇ ಒಂದು ತಿಂಗಳ ಪುಟವನ್ನು ನಮ್ಮ ಕಲಾವಿದರ ಯೇಸುವಿಗೆ ಕೊಡಿ. ಬರೆಯಲು ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಸಂಭಾವನೆ ಕೊಟ್ಟು ಬರೆಸಿ. ಹಿಂದಿನ ಸಾಲಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರೂ ಭಾನುವಾರ ಶಾಲೆಯ ಟೀಚರುಗಳೂ ಕುಳಿತಿದ್ದೀರಿ. ಈ ಡಿಸೆಂಬರಿನಲ್ಲಿ ಮರಿಯಳ ಪಾತ್ರವನ್ನು ಮಾತು ಚೆನ್ನಾಗಿ ಹೇಳುವವಳಿಗೆ ಕೊಡಿ. ಲೈಟಿನ ತೊಂದರೆಯಾದರೆ ಇನ್ನೊಂದು ಲೈಟು ಹಾಕಿಸಿ, ಅದರ ಬಾಡಿಗೆ ನಾನು ಕೊಡುತ್ತೇನೆ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಘೋಷಿಸುತ್ತೇನೆ.