ಒಬ್ಬರ ಆಟಕ್ಕೆ ಇನ್ನೊಬ್ಬರು ಬಂದರೆ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟ ವಿಷಯ ‘ಶಾಲೆ ಮತ್ತು ತಂತ್ರಜ್ಞಾನ’. ಅದನ್ನು ಒಂದು ಕಂಪ್ಯೂಟರ್ ಆಟದ ಮೂಲಕ ಹೇಳುತ್ತೇನೆ. ಹಿರಿಯರು ಬೇಸರ ಮಾಡಿಕೊಳ್ಳಬಾರದು. ಮಕ್ಕಳು ನಾಳೆ ಮನೆಯಲ್ಲಿ ಇದನ್ನು ಸಾಕ್ಷಿಯಾಗಿ ಮುಂದಿಡಬಾರದು!

ನಮ್ಮ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಅಟ್ಟದಿಂದ ಚೆನ್ನೆಮಣೆ ಕೆಳಗೆ ಬರುತ್ತಿತ್ತು. ಹದಿನಾಲ್ಕು ಗುಳಿ, ಎದುರುಬದುರು ಇಬ್ಬರು. ಅದೇ ಮಣೆಯಲ್ಲಿ ಒಬ್ಬರೇ ಆಡುವ ‘ಸೀತೆ ಆಟ’ವೂ ಉಂಟು. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡಿದ್ದು ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಒಬ್ಬರ ಆಟ, ಇಬ್ಬರ ಆಟ ಎಂಬ ವ್ಯತ್ಯಾಸ ನಮಗೆ ಹೊಸತಲ್ಲ.

ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ನಾವು ಇಲ್ಲಿ ಓದುತ್ತಿದ್ದೆವು. ಒಂದೊಂದು ಕಂಪ್ಯೂಟರಿಗೆ ನಾಲ್ಕೈದು ಮಂದಿ. ಯಾರೋ ಫ್ಲಾಪಿಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ತಂದರು. ಅಮೆರಿಕದ ಜೋರ್ಡಾನ್ ಮೆಕ್ನರ್ ಎಂಬ ಯುವಕ ಹೆಚ್ಚುಕಡಿಮೆ ಒಬ್ಬನೇ ಮಾಡಿ 1989ರಲ್ಲಿ ಹೊರತಂದ ಆಟ ಅದು. ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ವಿಡಿಯೊ ಮಾಡಿ, ಆ ಚಿತ್ರಗಳನ್ನು ನೋಡಿ ರಾಜಕುಮಾರನ ನಡಿಗೆ ಬರೆದಿದ್ದ. ರಾಜಕುಮಾರ ನೆಲಮಾಳಿಗೆಯ ಸೆರೆಯಿಂದ ತಪ್ಪಿಸಿಕೊಂಡು 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಪೂರ್ತಿ ಒಬ್ಬರ ಆಟ.

ಒಬ್ಬರ ಆಟವನ್ನು ಐದು ಮಂದಿ ಆಡುವುದು ಹೇಗೆ? ನಾನೂ ನನ್ನ ಗೆಳೆಯನೂ ಒಂದು ಉಪಾಯ ಮಾಡಿದೆವು. ಬಾಣದ ಕೀಗಳು ನನಗೆ, ಶಿಫ್ಟ್ ಕೀ ಅವನಿಗೆ. ಓಡುವುದು, ಹಾರುವುದು ನಾನು. ಅಂಚು ಹಿಡಿದು ನೇತಾಡುವುದು, ಕತ್ತಿ ಬೀಸುವುದು ಅವನು. ನಾನು ಹಾರಿದ ಮೇಲೆ ಅವನು ಒಂದು ಕ್ಷಣ ತಡ ಮಾಡಿದರೆ ರಾಜಕುಮಾರ ಕೆಳಗಿನ ಮುಳ್ಳಿನ ಮೇಲೆ. ‘ಹಿಡಿ ಮರಾಯಾ, ಹಿಡಿ!’ ಎಂಬ ನಮ್ಮ ಕೂಗು ಪಕ್ಕದ ತರಗತಿಗೆ ಕೇಳಿ ಇಬ್ಬರೂ ಬೆಂಚಿನ ಮೇಲೆ ನಿಂತದ್ದೂ ಉಂಟು.

ನಮ್ಮ ಕುರ್ಚಿಯ ಹಿಂದೆ ಒಬ್ಬಳು ಸಹಪಾಠಿ ನಿಲ್ಲುತ್ತಿದ್ದಳು. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಯಾವ ಕೋಣೆಯಿಂದ ಯಾವ ಕೋಣೆಗೆ ದಾರಿ, ಯಾವ ಹಾಸುಗಲ್ಲು ಮೆಟ್ಟಿದರೆ ಯಾವ ಬಾಗಿಲು ತೆರೆಯುತ್ತದೆ ಎಂದು ನಕ್ಷೆ ಬರೆಯುತ್ತಿದ್ದಳು. ಅವಳ ನಕ್ಷೆ ಇಲ್ಲದೆ ನಾವು ಮೂರನೇ ಹಂತ ದಾಟುತ್ತಿರಲಿಲ್ಲ. ಅವಳ ಮಾತು ಕಡೆಗೆ ಹೇಳುತ್ತೇನೆ.

ಮುಂದೆ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಶಿಫ್ಟ್ ಕೀಯ ಗೆಳೆಯ ಕೊಲ್ಲಿ ದೇಶಕ್ಕೆ ಹೋದ. ಈ ಹಳೆಯ ಆಟವನ್ನು ಅಭಿಮಾನಿಗಳು ಬಿಚ್ಚಿ ನೋಡಿ, ಈಗಿನ ಕಂಪ್ಯೂಟರುಗಳಿಗೆ ಹೊಂದುವ ಹಾಗೆ ಮರಳಿ ಬರೆದು, ಯಾರು ಬೇಕಾದರೂ ತಿದ್ದಬಹುದೆಂದು ‘ಎಸ್‌ಡಿಎಲ್‌ಪಾಪ್’ ಎಂಬ ಹೆಸರಿನಲ್ಲಿ ಬಿಟ್ಟಿದ್ದಾರೆ. ಇದಕ್ಕೆ ಇನ್ನೊಬ್ಬ ರಾಜಕುಮಾರನನ್ನು ಸೇರಿಸಿದರೆ ಇಬ್ಬರೂ ರಜಾದಿನ ಒಟ್ಟಿಗೆ ಆಡಬಹುದಲ್ಲ ಎಂದುಕೊಂಡೆವು. ಒಂದು ವಾರದ ಕೆಲಸ ಎಂದು ನಮ್ಮ ಲೆಕ್ಕ. ಎರಡು ವರ್ಷ ಹಿಡಿಯಿತು, ಇನ್ನೂ ಮುಗಿದಿಲ್ಲ.

ಯಾಕೆಂದರೆ ಆ ಲೋಕದ ಕಲ್ಲುಕಲ್ಲಿನಲ್ಲೂ ‘ಒಬ್ಬನೇ’ ಎಂದು ಬರೆದಿತ್ತು. ತೆರೆಯ ಮೇಲೆ ಒಂದು ಸಲಕ್ಕೆ ಒಂದೇ ಕೋಣೆ ಕಾಣುತ್ತದೆ. ನಾನೊಂದು ಕೋಣೆ, ಅವನೊಂದು ಕೋಣೆ ಹೊಕ್ಕರೆ ಯಾವುದನ್ನು ತೋರಿಸುವುದು? ಒಂದು ಕೋಣೆಗೆ ಒಬ್ಬನೇ ಕಾವಲುಗಾರ. ಅವನು ಯಾರ ಮೇಲೆ ಕತ್ತಿ ಎತ್ತಬೇಕು? ನಾನು ಸತ್ತರೆ ಹಂತ ಮೊದಲಿನಿಂದ ಶುರು. ಬದುಕಿರುವ ಅವನ ಗತಿ ಏನು? ಮನೆಯಲ್ಲಿ ಊಟಕ್ಕೆ ಕರೆದರೆಂದು ನಾನು ಆಟ ನಿಲ್ಲಿಸಿದರೆ ಅವನ ಗಡಿಯಾರವೂ ನಿಲ್ಲಬೇಕೇ? ಒಬ್ಬನೇ ಇದ್ದಾಗ ಲೋಕವೇ ನನಗಾಗಿ ಕಾಯುತ್ತಿತ್ತು. ಇಬ್ಬರಾದ ಮೇಲೆ ಕಾಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ದೂರದ್ದು. ಆಟ ಸೆಕೆಂಡಿಗೆ ಸುಮಾರು 12 ಹೆಜ್ಜೆ ಮುಂದೆ ಹೋಗುತ್ತದೆ. ಅವನು ಅಲ್ಲಿ ಒತ್ತಿದ ಕೀ ಇಲ್ಲಿಗೆ ತಲುಪುವುದು ಒಂದೆರಡು ಹೆಜ್ಜೆ ತಡವಾದರೂ ಸಾಕು, ಎಡವಟ್ಟು. ನಮ್ಮ ಕಡೆಯವರಿಗೆ ಜೋಡಾಟ ಗೊತ್ತು. ಎರಡು ರಂಗಸ್ಥಳ, ಇಬ್ಬರು ಭಾಗವತರು, ಒಂದೇ ಪ್ರಸಂಗ. ಪೈಪೋಟಿಯೇ ಅಲ್ಲಿನ ಸೊಗಸು. ನಮ್ಮ ಎರಡು ಕಂಪ್ಯೂಟರುಗಳೂ ಹಾಗೆಯೇ ಜೋಡಾಟಕ್ಕೆ ನಿಂತವು. ಅವನ ತೆರೆಯಲ್ಲಿ ಬಾಗಿಲು ತೆರೆದಿದೆ, ನನ್ನದರಲ್ಲಿ ಮುಚ್ಚಿದೆ. ನನ್ನದರಲ್ಲಿ ಕಾವಲುಗಾರ ಸತ್ತಿದ್ದಾನೆ, ಅವನದರಲ್ಲಿ ಇನ್ನೂ ಕುಣಿಯುತ್ತಿದ್ದಾನೆ. ಯಾವುದು ನಿಜ?

ನಮಗೆ ಬೇಕಾದದ್ದು ಒಂದೇ ರಂಗಸ್ಥಳ, ಒಬ್ಬನೇ ಭಾಗವತ. ವೇಷಧಾರಿ ಅರ್ಥವನ್ನು ಎಷ್ಟೇ ಬೆಳೆಸಲಿ, ಭಾಗವತರು ಪದ ಎತ್ತಿದರೆ ಆಟ ಮುಂದಕ್ಕೆ. ಹಾಗೆ ಒಂದು ಕಂಪ್ಯೂಟರಿಗೆ ಭಾಗವತಿಕೆ ಕೊಟ್ಟೆವು. ಇಬ್ಬರ ಕೀಗಳೂ ಅದಕ್ಕೆ ಹೋಗಬೇಕು. ಇಬ್ಬರದ್ದೂ ಬಂದ ಮೇಲೆಯೇ ಮುಂದಿನ ಹೆಜ್ಜೆ. ಆಟ ಸ್ವಲ್ಪ ನಿಧಾನವಾಯಿತು, ಆದರೆ ಜಗಳ ನಿಂತಿತು.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೂಲ ಆಟದಲ್ಲಿ ಹಾಸುಗಲ್ಲು ಮೆಟ್ಟಿ, ಬಾಗಿಲು ಬೀಳುವ ಮೊದಲು ಓಡಬೇಕು. ಅದು ವೇಗದ ಪರೀಕ್ಷೆ. ಇಬ್ಬರಿದ್ದರೆ ಒಬ್ಬ ಕಲ್ಲಿನ ಮೇಲೆ ನಿಂತೇ ಇರುತ್ತಾನೆ, ಇನ್ನೊಬ್ಬ ನಿಧಾನವಾಗಿ ದಾಟುತ್ತಾನೆ. ಆದರೆ ದಾಟಿದವನು ಆಚೆಯಿಂದ ಇನ್ನೊಂದು ಕಲ್ಲು ಮೆಟ್ಟಿ ಇವನನ್ನು ಕರೆದುಕೊಳ್ಳಬೇಕು. ಅದೇ ಬಾಗಿಲು, ಅದೇ ಕಲ್ಲು. ಈಗ ಅದು ನಂಬಿಕೆಯ ಪರೀಕ್ಷೆ. ಮೆಕ್ನರ್‌ಗೂ ಇದರ ಸುಳಿವು ಇತ್ತೋ ಏನೋ. ಎಂಟನೇ ಹಂತದಲ್ಲಿ ರಾಜಕುಮಾರ ಸಿಕ್ಕಿಹಾಕಿಕೊಂಡಾಗ, ರಾಜಕುಮಾರಿ ಕಳಿಸಿದ ಒಂದು ಪುಟ್ಟ ಇಲಿ ಬಂದು ಕಲ್ಲು ಮೆಟ್ಟಿ ಬಾಗಿಲು ತೆರೆಯುತ್ತದೆ. ಒಬ್ಬರ ಆಟದಲ್ಲೂ ಇನ್ನೊಬ್ಬರ ಸಹಾಯ ಇಲ್ಲದೆ ನಡೆಯಲಿಲ್ಲ.

ಇದು ನಮ್ಮಿಬ್ಬರ ಹುಚ್ಚು ಮಾತ್ರ ಎಂದುಕೊಳ್ಳಬೇಡಿ. 1976ರಲ್ಲಿ ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್ ತನ್ನ ಹೆಣ್ಣುಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಗುಹೆಯೊಳಗೆ ಅಲೆಯುವ ‘ಅಡ್ವೆಂಚರ್’ ಎಂಬ ಆಟ ಬರೆದ. ಚಿತ್ರವಿಲ್ಲ, ಬರೀ ಅಕ್ಷರ, ಆಡುವವರು ಒಬ್ಬರೇ. ಅಂಥ ಆಟಗಳಿಂದ ಪ್ರೇರಣೆ ಪಡೆದು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ, ಹಲವರು ಒಟ್ಟಿಗೆ ಅಲೆಯಬಹುದಾದ ‘ಮಡ್’ ಶುರು ಮಾಡಿದ. ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಇವತ್ತು ನಿಮ್ಮ ಮಕ್ಕಳು ಮೊಬೈಲಿನಲ್ಲಿ ಊರೂರಿನವರ ಜೊತೆ ಆಡುವ ಆಟಗಳ ಹಿರಿಯಜ್ಜ ಅದು.

ಈಗ ನಕ್ಷೆ ಬರೆದವಳ ವಿಚಾರ. ಕಳೆದ ವರ್ಷ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಅವಳು ಸಿಕ್ಕಿದಳು. ಎರಡು ವರ್ಷದಿಂದ ಮಾಡುತ್ತಿರುವ ಸಾಹಸವನ್ನು ದೊಡ್ಡದಾಗಿ ವಿವರಿಸಿದೆ. ಪೂರ್ತಿ ಕೇಳಿ ನಕ್ಕು ಹೇಳಿದಳು: ‘ನಕ್ಷೆ ಬರುಕೆ ನಾನ್, ಆಡುಕೆ ನೀವ್. ನಂಗೊಂದ್ ಸಲ ಕುರ್ಚಿ ಬಿಟ್ಟಿದ್ರ್ಯಾ?’

ನಾನು ತಲೆ ತಗ್ಗಿಸಿದೆ. ಅವಳು ಎಂದೂ ಕೇಳಲಿಲ್ಲ ನಿಜ. ನಾವೂ ಎಂದೂ ಏಳಲಿಲ್ಲ. ಆಟಕ್ಕೆ ಇನ್ನೊಬ್ಬರನ್ನು ಸೇರಿಸುವುದು ಕಷ್ಟ ಎಂದು ಎರಡು ವರ್ಷ ಒದ್ದಾಡಿದ ನನಗೆ, ಆ ದಿನ ಅದಕ್ಕೆ ಬೇಕಾಗಿದ್ದದ್ದು ಕುರ್ಚಿಯಿಂದ ಏಳುವುದು ಮಾತ್ರ ಎಂದು ಹೊಳೆದಿರಲಿಲ್ಲ.

ಅದಕ್ಕೇ ಇವತ್ತು ನನ್ನದೊಂದು ಬೇಡಿಕೆ. ಹಳೆ ವಿದ್ಯಾರ್ಥಿಗಳು ಸೇರಿ ಕೊಡುವ ಹೊಸ ಕಂಪ್ಯೂಟರುಗಳ ಮುಂದೆ ಎರಡೆರಡು ಕುರ್ಚಿ ಇರಲಿ. ಅರ್ಧ ಗಂಟೆಗೊಮ್ಮೆ ಕೀಬೋರ್ಡ್ ಕೈ ಬದಲಾಗಲಿ. ಹಿಂದೆ ನಿಂತವರು ಯಾರು, ಎಷ್ಟು ದಿನದಿಂದ ನಿಂತಿದ್ದಾರೆ ಎಂದು ಮೇಷ್ಟ್ರು, ಟೀಚರ್ ದಯವಿಟ್ಟು ಒಮ್ಮೆ ತಿರುಗಿ ನೋಡಲಿ.

ನಮ್ಮ ಇಬ್ಬರ ಆಟದ ಮೊದಲ ಹಂತ ಮಾತ್ರ ತಯಾರಾಗಿದೆ. ಲ್ಯಾಬಿನ ಎರಡು ಕಂಪ್ಯೂಟರುಗಳಲ್ಲಿ ಹಾಕಿಟ್ಟಿದ್ದೇನೆ. ಈಗ ಇಬ್ಬರಿಗೂ ಪೂರ್ತಿ ಕೀಬೋರ್ಡ್ ಉಂಟು. ಊಟವಾದ ಮೇಲೆ ಮೊದಲು ಕೂರುವವಳು ಅವಳು. ಜೊತೆಗೆ ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಅವಳ ಮಗಳು. ನಾನು ಹಿಂದೆ ನಿಂತು ನಕ್ಷೆ ಹಿಡಿದುಕೊಳ್ಳುತ್ತೇನೆ.